ಒಂದು ಸಾಸಿವೆಗೆ ಏಳೂವರೆ ತಿಂಗಳು

ಕ್ಲೀವ್‌ಲ್ಯಾಂಡ್ ಹತ್ತಿರದ ಮಗಳ ಮನೆಗೆ ಹೋದ ಮೂರನೇ ದಿನವೇ ನನಗೊಂದು ಉದ್ಯೋಗ ಸಿಕ್ಕಿತು. ಸಂಜೆ ಅಳಿಯಂದಿರ ಕಾರು ಕಂಡ ಕೂಡಲೇ ಒಳಗಿನ ಗುಂಡಿ ಒತ್ತಿ ಗ್ಯಾರೇಜಿನ ಬಾಗಿಲು ತೆಗೆಯುವುದು. ಹೆಸರಿಗೆ ಆಟೊಮ್ಯಾಟಿಕ್ ಬಾಗಿಲು, ತೆಗೆಯುವವನು ಮಾವ! ಹಿಂದಿನ ವಾರದವರೆಗೆ ನೂರು ಅಡಿ ದೂರದ ತಿರುವಿನಿಂದಲೇ ರಿಮೋಟ್‌ಗೆ ಓಗೊಡುತ್ತಿದ್ದ ಬಾಗಿಲು ಈಗ ಕಾರಿನ ಮೂತಿ ಹತ್ತು ಅಡಿ ಹತ್ತಿರ ಬಂದ ಮೇಲೆ ಮನಸ್ಸಿದ್ದರೆ ಏಳುತ್ತಿತ್ತು, ಇಲ್ಲದಿದ್ದರೆ ಇಲ್ಲ.

"ಹೊಸ ಕಾರಿನ ಸೆನ್ಸರ್‌ಗಳದ್ದೇ ಕಿತಾಪತಿ ಮಾವ. ಇದರ ಟೈರಿನಲ್ಲೂ ರೇಡಿಯೋ ಇದೆ," ಅಂದರು ಅಳಿಯಂದಿರು.

ಟೈರಿನಲ್ಲಿ ರೇಡಿಯೋ ಇರುವುದು ನಿಜ. ಗಾಳಿ ಇಳಿದರೆ ಡ್ಯಾಶ್‌ಬೋರ್ಡಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಅದು. ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಚಕ್ರಕ್ಕೊಂದರಂತೆ ನಾಲ್ಕು, ಗುಂಡಿ ಬ್ಯಾಟರಿ ಹೊತ್ತು ವರ್ಷಗಟ್ಟಲೆ ಗಿರಗಿರ ತಿರುಗುತ್ತ, ಅಲ್ಲಿನ ಎಷ್ಟೋ ಕಾರುಗಳಲ್ಲಿ 315 ಮೆಗಾಹರ್ಟ್ಸ್‌ನಲ್ಲಿ ಕೂಗು ಹಾಕುತ್ತವೆ. ಮಗಳ ಮನೆಯ ಗ್ಯಾರೇಜ್ ರಿಮೋಟ್ ಕೂಗುವುದೂ ಅದೇ 315ರಲ್ಲಿ. ಒಂದೇ ಓಣಿಗೆ ಇಬ್ಬರು ತರಕಾರಿಯವರು ಬಂದು ಒಂದೇ ದನಿಯಲ್ಲಿ ಕೂಗಿದ ಹಾಗೆ. ಅನುಮಾನ ಪೊಳ್ಳಲ್ಲ.

ಆದರೆ ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಮಾಡಲು ಬೇರೆ ಕೆಲಸವೂ ಇರಲಿಲ್ಲ. ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದುಕೊಂಡು ಕೂತೆ.

ಒಂದು ಸೆನ್ಸರ್ ಒಮ್ಮೆ ಕೂಗಿ ಮುಗಿಸಲು ಸುಮಾರು 10 ಮಿಲಿಸೆಕೆಂಡ್ ಸಾಕು. ಕಾರು ಓಡುವಾಗ ಸಾಮಾನ್ಯವಾಗಿ ನಿಮಿಷಕ್ಕೊಂದು ಕೂಗು. ನಾಲ್ಕೂ ಸೇರಿ ನಿಮಿಷಕ್ಕೆ 40 ಮಿಲಿಸೆಕೆಂಡ್, ಅಂದರೆ 1,500ರಲ್ಲಿ ಒಂದು ಪಾಲು. ಮಿಕ್ಕ 1,499 ಪಾಲು ಹೊತ್ತು ಟೈರುಗಳದು ಮೌನವ್ರತ. ಹತ್ತು ಪಟ್ಟು ಬಾಯಿಬಡುಕರೆಂದು ಹಿಡಿದರೂ ಬಾಗಿಲು 150 ಸಲಕ್ಕೊಮ್ಮೆ ಮುನಿಯಬೇಕು, ದಿನಾ ಅಲ್ಲ. ಬಂಪರಿನ ಪಾರ್ಕಿಂಗ್ ಸೆನ್ಸರ್‌ಗಳಂತೂ ಬಾವಲಿಯ ಜಾತಿ. ಸೆಕೆಂಡಿಗೆ 40,000 ಸಲಕ್ಕೂ ಮಿಗಿಲಾಗಿ ಕಂಪಿಸುವ ಸದ್ದು ಅವುಗಳದು. ರೇಡಿಯೋಗೂ ಅದಕ್ಕೂ ಸಂಬಂಧವೇ ಇಲ್ಲ. ಕಾರನ್ನು ಖುಲಾಸೆ ಮಾಡಿದೆ.

ಹಾಗಾದರೆ ಕಳ್ಳ ಯಾರು? ಅದಕ್ಕೆ ಮೊದಲು ಕಳುವಾದ ಮಾಲು ಎಷ್ಟೆಂದು ನೋಡಬೇಕು.

315 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 31.5 ಕೋಟಿ ಸಲ ತೂಗುವ ಅಲೆ. ಗುಂಡಿ ಒತ್ತಿದಾಗ ಹೊರಡುವ ಸಂದೇಶ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತಿನದು. ಕಣ್ಣು ಮಿಟುಕಿಸುವಷ್ಟರಲ್ಲಿ ಅಲೆ ಮೂರು ಕೋಟಿಗೂ ಮಿಗಿಲು ಸಲ ತೂಗಿರುತ್ತದೆ. ಒಂದು ಅಲೆಯ ಉದ್ದ 95 ಸೆಂಟಿಮೀಟರ್, ಹೆಚ್ಚುಕಡಿಮೆ ಎರಡು ಮೊಳ. ಅದರ ಕಾಲು ಭಾಗದಷ್ಟು ಉದ್ದದ ತಂತಿಯೇ ಅದಕ್ಕೆ ತಕ್ಕ ಆಂಟೆನಾ. ಚಾವಣಿಯ ಮೋಟಾರ್ ಪೆಟ್ಟಿಗೆಯಿಂದ ಜೋತುಬಿದ್ದ ತಂತಿಗೆ ಏಣಿ ಹತ್ತಿ ಕೈಯಿಟ್ಟು ಅಳೆದೆ. ಸರಿಯಾಗಿ ಒಂದು ಗೇಣು.

ಆ ಗೇಣು ತಂತಿ ಎಷ್ಟು ಸಣ್ಣ ಪಿಸುಮಾತನ್ನು ಹಿಡಿಯಬಲ್ಲದು ಎನ್ನುವುದೇ ನನ್ನ ನಿದ್ದೆ ಕೆಡಿಸಿದ ಸಂಗತಿ. ಈ ಬಗೆಯ ಒಳ್ಳೆಯ ರಿಸೀವರ್‌ಗೆ ಒಂದು ವ್ಯಾಟ್‌ನ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲು ಮುಟ್ಟಿದರೂ ಮಾತು ಅರ್ಥವಾಗುತ್ತದೆ. ಬರೆದರೆ ಒಂದರ ಮುಂದೆ 14 ಸೊನ್ನೆ. ಸೊನ್ನೆ ಎಣಿಸಿದರೆ ತಲೆಗೆ ಏನೂ ಇಳಿಯುವುದಿಲ್ಲ, ಆದ್ದರಿಂದ ಅಡುಗೆಮನೆಗೆ ಹೋದೆ. ಎರಡು ಮಿಲಿಗ್ರಾಂ ತೂಗುವ ಸಾಸಿವೆ ಕಾಳೊಂದು ಒಂದೇ ಒಂದು ಸೆಂಟಿಮೀಟರ್ ಕೆಳಗೆ ಬಿತ್ತು ಅನ್ನಿ. ಬಿದ್ದ ಸದ್ದು ನಮಗೆ ನಿಮಗೆ ಕೇಳದು. ಆ ಬೀಳುವಿಕೆಯಲ್ಲಿರುವ ಶಕ್ತಿಯನ್ನು ಇಷ್ಟು ಕ್ಷೀಣವಾದ ರೇಡಿಯೋ ಅಲೆಯಿಂದ ಕೂಡಿಹಾಕುತ್ತ ಕೂತರೆ ಎಷ್ಟು ಹೊತ್ತು ಬೇಕು? 227 ದಿನ. ಏಳೂವರೆ ತಿಂಗಳು! ಮೂರು ಸಲ ಲೆಕ್ಕ ಮಾಡಿದೆ, ಮೂರು ಸಲವೂ ಅದೇ ಬಂತು.

ಇಂಥ ಪಿಸುಮಾತಿಗೆ 16 ಅಡಿ ಅಗಲ, 7 ಅಡಿ ಎತ್ತರದ ಉಕ್ಕಿನ ಬಾಗಿಲು ಎದ್ದು ಚಾವಣಿಗೆ ಹೋಗಿ ಮಲಗುತ್ತದೆ. (ಎತ್ತುವ ಕಷ್ಟವೆಲ್ಲ ಸ್ಪ್ರಿಂಗಿನದು, ಹೆಸರು ಮಾತ್ರ ಮೋಟಾರಿನದು.)

ರಿಮೋಟಿನ ಗುಟ್ಟಿನ ಸಂಕೇತವೇ ಈ ಬಾಗಿಲಿನ ಬೀಗ, ಆದರೆ ಬೀಗದ ಗಟ್ಟಿತನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ರಿಮೋಟ್‌ಗಳಲ್ಲಿ 8ರಿಂದ 12 ಪುಟ್ಟ ಸ್ವಿಚ್‌ಗಳಿರುತ್ತಿದ್ದವು; 12 ಇದ್ದರೂ ಸಂಕೇತಗಳು 4,096 ಮಾತ್ರ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಭದ್ರತಾ ತಜ್ಞ ಮ್ಯಾಟೆಲ್ ಕಂಪನಿಯ ಮಕ್ಕಳ ಆಟಿಕೆಯೊಂದನ್ನು ತಿದ್ದಿ, ಅಷ್ಟನ್ನೂ ಹತ್ತು ಸೆಕೆಂಡಿನೊಳಗೆ ಕೂಗಿಸಿ ತೋರಿಸಿದ. ಅವನ ಉಪಾಯ ನಮ್ಮ ಅಂತ್ಯಾಕ್ಷರಿಯದೇ. ಒಂದು ಸಂಕೇತದ ಬಾಲವೇ ಮುಂದಿನದರ ತಲೆ. ಈಗಿನವು ಒತ್ತಿದಾಗಲೆಲ್ಲ ಸಂಕೇತ ಬದಲಿಸುತ್ತವೆ. 32 ಬಿಟ್‌ನ ಸಂಕೇತಕ್ಕೆ 429 ಕೋಟಿ ರೂಪಗಳು. ಕಳ್ಳನಿಗೆ ಕಷ್ಟ, ಸರಿ. ಗದ್ದಲಕ್ಕೆ ಏನು ಕಷ್ಟ? ಅದು ಬೀಗ ಒಡೆಯುವುದಿಲ್ಲ, ಮಾತು ಕೇಳಿಸದ ಹಾಗೆ ಮಾಡುತ್ತದೆ ಅಷ್ಟೆ.

ಏಣಿಯ ಮೇಲೆ ನಿಂತಿದ್ದಾಗಲೇ ಕಳ್ಳ ಸಿಕ್ಕಿದ್ದು. ಮೋಟಾರ್ ಪೆಟ್ಟಿಗೆಯೊಳಗೆ, ಗೇಣು ತಂತಿಯ ಪಕ್ಕದಲ್ಲೇ, ಹೊಸ ಎಲ್‌ಇಡಿ ಬಲ್ಬ್. "ಹೋದ ವಾರ ನಾನೇ ಹಾಕಿದ್ದಪ್ಪ, ಕರೆಂಟ್ ಉಳಿಯುತ್ತೆ ಅಂತ," ಅಂದಳು ಮಗಳು.

ಎಲ್‌ಇಡಿ ಬಲ್ಬಿನ ಬುಡದಲ್ಲಿರುವ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಅಗ್ಗದ ಬಲ್ಬಾದರೆ ಆ ಕತ್ತರಿಯ ಸದ್ದು ನೂರಾರು ಮೆಗಾಹರ್ಟ್ಸ್‌ವರೆಗೆ ಚೆಲ್ಲುತ್ತದೆ. ಚೆಲ್ಲುವುದು ಎಷ್ಟಾದರೆ ಸಾಕು? 9 ವ್ಯಾಟ್ ಬಲ್ಬಿನ 900 ಲಕ್ಷ ಕೋಟಿಯಲ್ಲಿ ಒಂದು ಪಾಲು ಆ ತಂತಿಗೆ ತಗುಲಿದರೆ ನಮ್ಮ ಪಿಸುಮಾತಿಗೆ ಸಮ ಸಮ. ನೀರಿನ ಲೆಕ್ಕದಲ್ಲಿ ಹೇಳಬೇಕೆಂದರೆ, ಕೆಆರ್‌ಎಸ್‌ನ ಒಂದೂವರೆ ಟಿಎಂಸಿ ನೀರಿನಲ್ಲಿ ಒಂದು ಹನಿ. ಅಳಿಯಂದಿರು ಕಾರನ್ನು ಹತ್ತಡಿಗೆ ತಂದಾಗ ಬಾಗಿಲು ಏಳುತ್ತಿದ್ದ ಗುಟ್ಟೂ ತಿಳಿಯಿತು. ದೂರ ಹತ್ತರಲ್ಲಿ ಒಂದಾದರೆ ರಿಮೋಟಿನ ದನಿ ನೂರು ಪಟ್ಟು ಜೋರು.

ಬಲ್ಬ್ ಬಿಚ್ಚಿದೆ. ತಿರುವಿನಿಂದ ಒತ್ತಿದರು. ಬಾಗಿಲು ಎದ್ದಿತು.

ಆ ರಾತ್ರಿ ಊಟಕ್ಕೆ ಕೂತಾಗ ಅಳಿಯಂದಿರು ಪಕ್ಕದ ನಾರ್ತ್ ಓಲ್ಮ್‌ಸ್ಟೆಡ್ ಊರಿನ ಕಥೆ ಹೇಳಿದರು. 2019ರ ವಸಂತದಲ್ಲಿ ಅಲ್ಲಿನ ಒಂದು ಬಡಾವಣೆಯಲ್ಲಿ ಕಾರಿನ ರಿಮೋಟ್ ಕೀಗಳೂ ಗ್ಯಾರೇಜ್ ಬಾಗಿಲುಗಳೂ ಒಟ್ಟಿಗೇ ಕಿವುಡಾದವು. ನಾಸಾದ ಗ್ಲೆನ್ ಸಂಶೋಧನಾ ಕೇಂದ್ರ ಕೆಲವೇ ಮೈಲಿ ದೂರ, ಜನ ಅದರತ್ತ ಬೆರಳು ತೋರಿಸಿದರು. ಕೊನೆಗೆ ಸಿಕ್ಕಿದ್ದು ಅದೇ ಬಡಾವಣೆಯ ಒಂದು ಮನೆಯಲ್ಲಿ, ಎಲೆಕ್ಟ್ರಾನಿಕ್ಸ್ ಹುಚ್ಚಿನವರೊಬ್ಬರು ಕೈಯಾರೆ ಮಾಡಿಕೊಂಡ ಸಾಧನ. ನೆಲಮಾಳಿಗೆಯಲ್ಲಿ ಕೆಲಸ ಮಾಡುವಾಗ ಮೇಲೆ ಯಾರಾದರೂ ಓಡಾಡಿದರೆ ತಿಳಿಯಲಿ ಎಂದು ಇಟ್ಟಿದ್ದು. ಬ್ಯಾಟರಿಯಲ್ಲಿ ನಡೆಯುತ್ತ, ಬಿಡದೆ 315 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು. ಟೈರಿನ ಹಾಗೆ 1,500ರಲ್ಲಿ ಒಂದು ಪಾಲಲ್ಲ, 1,500ಕ್ಕೆ 1,500. ಮಾಡಿದವರಿಗೆ ಬೀದಿಯೇ ಬಾಯಿ ಕಟ್ಟಿಸಿಕೊಂಡಿದೆ ಎಂಬ ಅರಿವೂ ಇರಲಿಲ್ಲ.

ದೊಡ್ಡವರು ಕೂಗಿದ್ದೂ ಉಂಟು. 2004ರಲ್ಲಿ ಫ್ಲೋರಿಡಾದ ಎಗ್ಲಿನ್ ವಾಯುನೆಲೆಯವರು ಹೊಸ ರೇಡಿಯೋಗಳನ್ನು ಪರೀಕ್ಷಿಸಿದಾಗ ಸುತ್ತಲಿನ ಮನೆಗಳ ಬಾಗಿಲು ಕೈಕೊಟ್ಟವು. 380ರಿಂದ 399.9 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಸೇನೆಯದು. ಅದರ ನಡುವೆ 390ರಲ್ಲಿ ಗ್ಯಾರೇಜ್ ರಿಮೋಟ್‌ಗಳು ವರ್ಷಾನುಗಟ್ಟಲೆ ಬಾಡಿಗೆ ಕೊಡದೆ ಸಂಸಾರ ಹೂಡಿದ್ದವು. ಕಾನೂನು ಮನೆಯೊಡೆಯನ, ಅಂದರೆ ಸೇನೆಯ ಕಡೆಗೇ. ನಮ್ಮ ರಿಮೋಟ್ ತಿರುಗಿಸಿ ನೋಡಿದೆ. ಬಂದ ಅಡಚಣೆಯನ್ನು ಈ ಸಾಧನ ಸಹಿಸಿಕೊಳ್ಳತಕ್ಕದ್ದು ಎಂಬ ಅರ್ಥದ ಸಾಲು, ಇರುವೆಯ ತಲೆಗಿಂತ ಸಣ್ಣ ಅಕ್ಷರದಲ್ಲಿ.

ಮಾರನೇ ಸಂಜೆ ಬಾಗಿಲು ತೆರೆಯಿತು, ಮುಚ್ಚಲಿಲ್ಲ. ಅರ್ಧ ಇಳಿದು ಹಿಂದಕ್ಕೆ ಹೋಯಿತು.

ಬಾಗಿಲ ಎರಡೂ ಬದಿ, ನೆಲದಿಂದ ಆರು ಇಂಚು ದಾಟದ ಎತ್ತರದಲ್ಲಿ, ಅತಿಗೆಂಪು ಬೆಳಕಿನ ಕಣ್ಣುಗಳಿರುತ್ತವೆ. ನಡುವೆ ಮಗುವೋ ಬೆಕ್ಕೋ ಬಂದರೆ ಬಾಗಿಲು ವಾಪಸು ಹೋಗಲೆಂದು 1993ರಿಂದ ಬಂದ ಕಾನೂನಿನ ಏರ್ಪಾಡು. ಈ ಕಡೆಯ ದೀಪದಿಂದ 16 ಅಡಿ ಆಚೆಯ ಕಣ್ಣಿಗೆ ಮುಟ್ಟುವ ಬೆಳಕು ನನ್ನ ಅಂದಾಜಿನಲ್ಲಿ ಒಂದು ಮಿಲಿವ್ಯಾಟ್‌ನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಉಗುರಿನಗಲದ ಆ ಗಾಜಿಗೆ ನೇರ ಬಿಸಿಲು ಸುರಿಯುವುದು ಹತ್ತಾರು ಮಿಲಿವ್ಯಾಟ್. ದೀಪ ಮಿಟುಕುತ್ತದೆ, ಸೂರ್ಯ ಮಿಟುಕುವುದಿಲ್ಲ, ಆ ವ್ಯತ್ಯಾಸ ಹಿಡಿದೇ ಕಣ್ಣು ಎರಡನ್ನೂ ಬೇರೆ ಮಾಡುತ್ತದೆ. ಮುಳುಗುವ ಸೂರ್ಯ ನೆಲದ ಮಟ್ಟಕ್ಕಿಳಿದು ಮುಖಕ್ಕೇ ಹೊಡೆದರೆ ಪಾಪ, ಅದೇನು ಮಾಡೀತು.

ಇದಕ್ಕೆ ಲೆಕ್ಕ ಬೇಡವಾಯಿತು. ಮಗಳು ಅಡುಗೆಮನೆಯಿಂದ ಪೇಪರ್ ಟವೆಲ್ ಸುತ್ತಿದ್ದ ರಟ್ಟಿನ ಕೊಳವೆ ತಂದು, ಒಂದು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಕಣ್ಣಿಗೆ ಟೋಪಿಯ ಹಾಗೆ ಟೇಪಿನಲ್ಲಿ ಅಂಟಿಸಿದಳು. ಹೋದ ತಿಂಗಳು ಫೋನ್ ಮಾಡಿದಾಗ ಕೇಳಿದೆ. ಹಿಮದಲ್ಲಿ ಒದ್ದೆಯಾಗಿ ಉದುರಿತಂತೆ, ಎರಡನೆಯದು ಹಾಕಿದ್ದಾಳಂತೆ.