‘ಬಸ್ತಿ’ಯನ್ನು ‘ಬಸಿತ’ ಎಂದೋದುವ ಮಗು

ಮಾತಿನಲ್ಲಿ ಚುರುಕಾಗಿರುವ, ಒಮ್ಮೆ ಕೇಳಿದ ಕತೆಯನ್ನು ಮರಳಿ ಹೇಳಬಲ್ಲ ಮಗುವೊಂದು ಮೂರನೆಯ ತರಗತಿಗೆ ಬಂದರೂ ಪಾಠದ ಎರಡು ಸಾಲನ್ನು ತಡವರಿಸದೆ ಓದಲಾರದೆ ಹೋದಾಗ, ಅದನ್ನು ದಡ್ಡನೆಂದೋ ಮೈಗಳ್ಳನೆಂದೋ ಕರೆದು ಕೈತೊಳೆದುಕೊಳ್ಳುವುದು ಬೆಳಗಾವಿ ಜಿಲ್ಲೆಯ ಐನಾಪುರದಂಥ ಊರುಗಳಲ್ಲಷ್ಟೇ ಅಲ್ಲ, ದೊಡ್ಡ ನಗರಗಳಲ್ಲಿಯೂ ಇನ್ನೂ ನಿಂತಿಲ್ಲ. ಬುದ್ಧಿ, ಕಣ್ಣು, ಕಿವಿ ಎಲ್ಲವೂ ಸರಿಯಿದ್ದು, ಕಲಿಸುವವರೂ ಇದ್ದು, ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಮಗು ಬಿಡದೆ ಹಿಂದುಳಿಯುವ ಈ ಸ್ಥಿತಿಯನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನ ತೊಡಕು ಡಿಸ್‌ಲೆಕ್ಸಿಯಾ, ಬರಹದ ತೊಡಕು ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕು ಡಿಸ್‌ಕ್ಯಾಲ್ಕುಲಿಯಾ. ವಿಕಲಚೇತನರ ಹಕ್ಕುಗಳ ಕುರಿತ 2016ರ ಕಾಯ್ದೆಯು ಮಾನ್ಯ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು.

ಇಂಥ ಮಗುವಿಗೆ ಮನೆಯಲ್ಲಿಯೇ ಕಲಿಸಬಹುದೇ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಅಷ್ಟು ನೇರವಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ತೀವ್ರ ವೈಕಲ್ಯವುಳ್ಳ ಮತ್ತು ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಕೊಟ್ಟಿತೇ ಹೊರತು, ಡಿಸ್‌ಲೆಕ್ಸಿಯಾ ಒಂದನ್ನೇ ಮುಂದಿಟ್ಟುಕೊಂಡು ಆ ಸೌಲಭ್ಯವನ್ನು ಕೇಳುವುದು ಕಷ್ಟ. ಬೆಂಗಳೂರಿನ ಕೆಲವು ಕುಟುಂಬಗಳು ಶಾಲೆಯನ್ನೇ ಬಿಡಿಸಿ, ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗೆ ಕೂರಿಸುವ ದಾರಿ ಹಿಡಿದಿವೆಯಾದರೂ, ಗೆಳೆಯರ ಒಡನಾಟ ಮತ್ತು ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲಿಯೇ ಸಿಗುವ ಊರುಗಳಿಗೆ ಆ ದಾರಿ ಹೊಂದುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಂಡು, ಅಕ್ಷರದ ಕೆಲಸವನ್ನು ಮಾತ್ರ ಮನೆಯಲ್ಲಿ ಮೊದಲಿನಿಂದ ಕಟ್ಟುವುದು ಇಲ್ಲಿ ಆಗುವ ಮಾತು. ಆದರೆ ಶಾಲೆಯಲ್ಲಿ ಸೋತ ಪಾಠವನ್ನೇ, ಅದೇ ಪುಸ್ತಕದಿಂದ, ಇನ್ನಷ್ಟು ಗಟ್ಟಿ ದನಿಯಲ್ಲಿ ಮನೆಯಲ್ಲಿ ಹೇಳಿಕೊಟ್ಟರೆ ಅದು ಮನೆಪಾಠವಾಗುತ್ತದೆ, ಪರಿಹಾರವಾಗುವುದಿಲ್ಲ.

ಪರಿಹಾರ ಹುಡುಕುವವರು ಮೊದಲು ನೋಡಬೇಕಾದದ್ದು ಕನ್ನಡ ಲಿಪಿಯನ್ನು. ಡಿಸ್‌ಲೆಕ್ಸಿಯಾ ಕುರಿತು ದೊರೆಯುವ ಕೈಪಿಡಿಗಳು ಬಹುಪಾಲು ಇಂಗ್ಲಿಷ್ ಕಲಿಯುವ ಮಕ್ಕಳಿಗಾಗಿ ಬರೆದವು. ಅಲ್ಲಿ ಇಪ್ಪತ್ತಾರೇ ಅಕ್ಷರಗಳಿದ್ದು, ಒಂದೇ ಅಕ್ಷರ ಹಲವು ದನಿ ಕೊಡುವುದು ತೊಡಕು. ಕನ್ನಡದಲ್ಲಿ ಬರೆದಂತೆ ಓದುವ ಸೌಲಭ್ಯವಿದೆಯಾದರೂ, ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಆರಂಭದ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ರೂಪಗಳನ್ನೆಲ್ಲ ಕೈವಶ ಮಾಡಿಕೊಳ್ಳುವ ಕೆಲಸ ಸಾಮಾನ್ಯ ಮಕ್ಕಳಲ್ಲಿಯೂ ನಾಲ್ಕನೆಯ ತರಗತಿಯವರೆಗೆ ಎಳೆಯುತ್ತದೆಂದೂ, ಅಕ್ಷರವನ್ನು ಒಡೆದು ಅದರೊಳಗಿನ ಬಿಡಿ ದನಿಗಳನ್ನು ಗುರುತಿಸುವ ಶಕ್ತಿ ಅವರಲ್ಲಿ ನಿಧಾನವಾಗಿ ಬರುತ್ತದೆಂದೂ ತೋರಿಸಿತು. ಒಂದನೆಯ ತರಗತಿ ಮುಗಿಯುವಷ್ಟರಲ್ಲಿ ಒತ್ತಕ್ಷರ ಬರಲಿಲ್ಲವೆಂದು ಹೌಹಾರುವ ಪಾಲಕರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೊಂದಿಲ್ಲ.

ಜೈನರು ಬಹಳವಾಗಿರುವ ಐನಾಪುರದ ಈ ಸೀಮೆಯಲ್ಲಿ ದಿನವೂ ಕಿವಿಗೆ ಬೀಳುವ ‘ಬಸ್ತಿ’ (ಬಸದಿ) ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಕಿವಿಗೆ ಇ ಸ್ವರ ಕೇಳುವುದು ತಕಾರದ ನಂತರ. ಕಣ್ಣಿಗೆ ಕಾಣುವ ಗುಡಿಸಾದರೋ ಮೇಲಿನ ಸಕಾರಕ್ಕೆ ಹತ್ತಿರುತ್ತದೆ, ತಕಾರ ಬರಿಯ ಒತ್ತಾಗಿ ಕೆಳಗೆ ಕುಳಿತಿರುತ್ತದೆ. ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದುವ ಮಗು ‘ಬಸಿತ’ ಎನ್ನುತ್ತದೆ. ‘ಸೂರ್ಯ’ದಲ್ಲಿ ತೊಡಕು ಇನ್ನೊಂದು ಬಗೆಯದು: ಮೊದಲು ನುಡಿಯಬೇಕಾದ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಇಂಥ ತಪ್ಪುಗಳಿಗೆ ತಮ್ಮದೇ ತರ್ಕವಿದೆ. ಅದನ್ನು ಹಿಡಿದವರು ಕೈಗೆ ಬೆತ್ತ ತೆಗೆದುಕೊಳ್ಳುವುದಿಲ್ಲ. ಮೇಲಿನ ಅಕ್ಷರವನ್ನು ಒಂದು ಬಣ್ಣದಲ್ಲಿಯೂ ಒತ್ತನ್ನು ಅದರ ಸ್ವರಚಿಹ್ನೆಯೊಡನೆ ಇನ್ನೊಂದು ಬಣ್ಣದಲ್ಲಿಯೂ ಬರೆದು, ‘ಬಸ್’ ಎಂದು ನಿಂತು ‘ತಿ’ ಎಂದು ಮುಂದುವರಿಯುವಂತೆ ಬೆರಳಿನಿಂದ ದಾರಿ ತೋರಿಸಿದರೆ, ಸ್ವರ ಯಾವ ವ್ಯಂಜನಕ್ಕೆ ಸೇರಿದ್ದೆಂಬುದು ಕಣ್ಣಿಗೂ ನಿಲುಕುತ್ತದೆ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬುದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ಮಾದರಿಯಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದು ರೂಪಿಸಿದ, ಮುಂದೆ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಸಾಲನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಸುಲಭ ಅಕ್ಷರಗಳಿಂದ ತೊಡಗುತ್ತದೆ. ಇಷ್ಟು ಕಲಿತ ಮಗು ಸರ, ಅಗಸ, ಅರಸ, ಗರಗಸ ಎಂಬ ಅರ್ಥವುಳ್ಳ ಪದಗಳನ್ನು ಅಂದೇ ಓದಬಲ್ಲುದು. ಐವತ್ತು ಅಕ್ಷರ ತಿದ್ದಿದರೂ ಒಂದು ಪದ ಓದಲಾಗದ ಹತಾಶೆ ಅದಕ್ಕೆ ಬರುವುದಿಲ್ಲ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದಲೇ ಮುಂದಕ್ಕೆ ಹೋಗುವ ಈ ಪದ್ಧತಿಯನ್ನು ಮನೆಯಲ್ಲಿ ಅನುಸರಿಸಲು ಒಂದು ರಟ್ಟು, ಕತ್ತರಿ ಮತ್ತು ತಾಳ್ಮೆ ಸಾಕು, ಮೂರನೆಯದಕ್ಕೇ ಕೊರತೆ ಹೆಚ್ಚು.

ನೋಟ, ದನಿ, ಸ್ಪರ್ಶ, ಕೈಚಲನೆಗಳನ್ನು ಏಕಕಾಲಕ್ಕೆ ಬಳಸುವ ಬಹು-ಇಂದ್ರಿಯ ವಿಧಾನವನ್ನು ಇಂದು ಹೊರಗಿನಿಂದ ಬಂದ ಹೊಸತೆಂಬಂತೆ ಹೇಳುವುದುಂಟು. ಆದರೆ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು ಈ ನೆಲದ ಹಳೆಯ ರೂಢಿಯಾಗಿದ್ದು, ಮದ್ರಾಸಿನಲ್ಲಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿ ಮಲಬಾರಿನ ಮಕ್ಕಳು ಹಾಗೆ ಬರೆಯುವುದನ್ನು ಕಂಡು, 1790ರ ದಶಕದಲ್ಲಿ ತನ್ನ ಶಾಲೆಯಲ್ಲಿ ಅಳವಡಿಸಿ, ಇಂಗ್ಲೆಂಡಿಗೂ ಕೊಂಡೊಯ್ದಿದ್ದನು. ಪರಾತದಲ್ಲಿ ತೆಳುವಾಗಿ ಜೋಳದ ಹಿಟ್ಟನ್ನೋ ಮರಳನ್ನೋ ಹರಡಿ, ಮಗು ದನಿ ಹೊರಡಿಸುತ್ತಲೇ ಅಕ್ಷರ ಬರೆದು, ಅಳಿಸಿ, ಮತ್ತೆ ಬರೆಯುವಾಗ ತಪ್ಪಿನ ಗುರುತು ಉಳಿಯುವುದಿಲ್ಲ; ಕೆಂಪು ಶಾಯಿಯ ಗೆರೆಗಳಿಂದ ಬೆದರಿದ ಮಗುವಿಗೆ ಇದು ಸಣ್ಣ ಅನುಕೂಲವಲ್ಲ. ಬರೆಯುವ ಕೈ ಹತೋಟಿಗೆ ಬರಲು ಚುಕ್ಕಿ ರಂಗೋಲಿಯಷ್ಟು ಹೊಂದುವ ಅಭ್ಯಾಸ ಇನ್ನೊಂದು ಸಿಗಲಾರದು, ಅದನ್ನು ಗಂಡುಮಕ್ಕಳಿಗೂ ಹಾಕಲು ಬಿಡಬೇಕಷ್ಟೆ. ಆದರೆ ಇಂಥದೇ ಮಗುವಿನ ಕತೆಯುಳ್ಳ 2007ರ ‘ತಾರೆ ಜಮೀನ್ ಪರ್’ ಚಿತ್ರವನ್ನು ನೋಡಿದ ಹಲವರು ಭಾವಿಸಿದಂತೆ ಬಣ್ಣ ಮತ್ತು ಪ್ರೀತಿಗಳಿಂದಲೇ ಓದು ಬಂದುಬಿಡುವುದಿಲ್ಲ. ದಿನಕ್ಕೆ ಕಾಲುಗಂಟೆಯಾದರೂ ತಪ್ಪದೆ, ಅದೇ ಅಕ್ಷರಕ್ಕೆ ಹಲವು ಬಾರಿ ಮರಳುವ ಕ್ರಮಬದ್ಧ ಅಭ್ಯಾಸ ಅದರ ಜೊತೆಗೆ ಬೇಕು.

ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಈ ಭಾಗದಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಮನೆಯಲ್ಲಿ ‘ಬಂದಾನ’ ಎನ್ನುವ ಮಗುವಿಗೆ ಪುಸ್ತಕದ ‘ಬಂದಿದ್ದಾನೆ’ ಅರ್ಧ ಪರಕೀಯ. ಮನೆಮಾತು ಮರಾಠಿಯಾಗಿದ್ದು ಕನ್ನಡ ಶಾಲೆಗೆ ಹೋಗುವ ಮಗುವಿಗೆ ಪೂರ್ಣ ಪರಕೀಯ. ಹೊಸ ಭಾಷೆಯಲ್ಲಿ ಎಡವುವುದನ್ನು ನ್ಯೂನತೆಯೆಂದು ಬಗೆಯುವ ತಪ್ಪೂ, ನಿಜವಾದ ನ್ಯೂನತೆಯನ್ನು ಭಾಷೆಯ ಸಮಸ್ಯೆಯೆಂದು ತಳ್ಳಿಹಾಕುವ ತಪ್ಪೂ ಇಲ್ಲಿ ಸುಲಭ. ಮಗು ತನ್ನ ಆಡುಮಾತಿನಲ್ಲಿಯೇ ಹೇಳಿದ ನಾಲ್ಕು ವಾಕ್ಯಗಳನ್ನು ಹಿರಿಯರು ಹೇಳಿದಂತೆಯೇ ಬರೆದುಕೊಟ್ಟು, ಅದನ್ನೇ ಮೊದಲ ಓದಿನ ಪಾಠವಾಗಿಸಿದರೆ, ಅರ್ಥಕ್ಕಾಗಿ ತಡಕಾಡುವ ಹೊರೆ ತಪ್ಪಿ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತದೆ. ಲೆಕ್ಕಕ್ಕೂ ಇದೇ ಮಾತು: ಹತ್ತು ಹುಣಸೆಬೀಜಗಳ ಗುಂಪು ಕೈಗೆ ಸಿಕ್ಕಿದ ಮೇಲೆಯೇ ದಶಕವೆಂಬ ಕಲ್ಪನೆ ತಲೆಗೆ ಹತ್ತುತ್ತದೆ.

ಇದೆಲ್ಲಕ್ಕೂ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಆಗಿರಬೇಕು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡದಿಂದ ಅದು ತೊಡಗಬಹುದು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ, ಬಿಐಇಆರ್‌ಟಿ ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರನ್ನೂ ಕಾಣಬೇಕು. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆಯೇ ಕೊಡಬೇಕೆಂದೂ, ಹದಿನಾಲ್ಕು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ಮರುಪರೀಕ್ಷೆ ನಡೆಸಬೇಕೆಂದೂ ವಿಧಿಸಿತ್ತು. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಬರೆದುಕೊಡುವ ಸಹಾಯಕರನ್ನು ಕೇಳಲು ಆ ಪತ್ರವೇ ಆಧಾರವಾಗುವುದರಿಂದ, ಮಗು ಮನೆಯಲ್ಲಿ ಬರೆದ ಹಾಳೆಗಳನ್ನು ತಪ್ಪು ತಿದ್ದದೆ, ದಿನಾಂಕ ಹಾಕಿ ಕೂಡಿಟ್ಟುಕೊಂಡರೆ, ಮಗುವನ್ನು ಪರೀಕ್ಷಿಸುವ ಮನಃಶಾಸ್ತ್ರಜ್ಞರಿಗೆ ತೊಡಕು ಎಲ್ಲಿದೆ, ಎಷ್ಟು ಕಾಲದಿಂದ ಇದೆ ಎಂಬುದು ಆ ಹಾಳೆಗಳಿಂದಲೇ ಬಹಳಷ್ಟು ತಿಳಿಯುತ್ತದೆ.