ಓದಿದ್ದು ಉಳಿಯಬೇಕೆ? ಮಲಗಿರಿ!

ಪರೀಕ್ಷೆ ಬಂತೆಂದರೆ ನಮ್ಮ ಮುಂಬಯಿಯ ಮನೆಗಳಿಂದ ಮೊದಲು ಗಡೀಪಾರಾಗುವುದು ನಿದ್ದೆ. ಇರುವ ಒಂದೆರಡು ಕೋಣೆಗಳಲ್ಲಿ ಹಿರಿಯರೆಲ್ಲ ಮಲಗಿದ ಮೇಲೆಯೇ ಮಕ್ಕಳಿಗೆ ಓದಲು ಶಾಂತಿ. ಹೋದ ವರ್ಷ ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಮಗಳು ಬೆಳಗಾಗುವತನಕ ಓದಿದಳು. ಮರುದಿನ, ಮೂರು ಸಲ ಬರೆದು ಕಲಿತ ಪ್ರಮೇಯವೇ ಕೈಕೊಟ್ಟಿತು. ನಡುರಾತ್ರಿ ಅವಳಿಗೆ ಚಹ ಮಾಡಿಕೊಟ್ಟವಳು ನಾನೇ! ಎಲ್ಲಿ ತಪ್ಪಿದೆನೆಂದು ಹುಡುಕಹೋದಾಗ ತಿಳಿದ ಸಂಗತಿಗಳನ್ನು ಇಲ್ಲಿ ಅರಿಕೆ ಮಾಡುತ್ತೇನೆ.

೧೯೨೪ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಹತ್ತು ಪದಗಳನ್ನು ಬಾಯಿಪಾಠ ಮಾಡಿಸಿದರು. ಕಲಿತು ಮಲಗಿದವರಿಗೆ ಎಂಟು ಗಂಟೆಗಳ ಬಳಿಕ ಅರ್ಧಕ್ಕಿಂತ ತುಸು ಹೆಚ್ಚೇ ನೆನಪಿತ್ತು; ಅವರೇ ಎಚ್ಚರವಾಗಿದ್ದ ದಿನ ಉಳಿದದ್ದು ಸುಮಾರು ಒಂದೇ ಪದ!

ಹೊಸ ಗದ್ದಲ ಒಳಗೆ ಬಾರದಂತೆ ನಿದ್ದೆ ಬಾಗಿಲು ಕಾಯುತ್ತದೆ, ಅಷ್ಟೇ ಎಂದು ಆಗ ಭಾವಿಸಿದ್ದರು. ಅದು ಬರಿಯ ಕಾವಲುಗಾರನಲ್ಲ, ಕೆಲಸಗಾರನೂ ಹೌದೆಂದು ೧೯೯೪ರಲ್ಲಿ ಇಲಿಗಳು ಸಾಕ್ಷಿ ನುಡಿದವು. ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಪರೀಕ್ಷಿಸಿದರು. ಇಲಿ ಓಡಾಡುವಾಗ ಜೊತೆಜೊತೆಯಾಗಿ ಮಿಡಿದ ಜೀವಕೋಶಗಳೇ, ಅದು ಮಲಗಿದ ಮೇಲೂ ಜೊತೆಯಾಗಿ ಮಿಡಿದವು. ಹಗಲಿನ ಪಾಠವನ್ನು ಇರುಳಿನಲ್ಲಿ ಮೆದುಳು ಮತ್ತೆ ಒಪ್ಪಿಸುತ್ತಿತ್ತು!

ನಮ್ಮ ಹೋಟೆಲು ಯಜಮಾನರನ್ನು ನೋಡಿ. ಹಗಲಿನ ಗಿರಾಕಿಗಳ ಗಲಾಟೆಯಲ್ಲಿ ಲೆಕ್ಕವೆಲ್ಲ ಕಿರ್ದಿಯಲ್ಲಿರುತ್ತದೆ. ಬಾಗಿಲು ಹಾಕಿದ ಮೇಲೆ ಅದನ್ನು ವಿಂಗಡಿಸಿ ಖಾತೆಗೆ ಏರಿಸುತ್ತಾರೆ. ಹಿಪ್ಪೊಕ್ಯಾಂಪಸ್ ಅಂಥ ಕಿರ್ದಿ. ಮೆದುಳಿನ ಹೊರಪದರವೇ ಖಾತೆ. ಗಾಢನಿದ್ದೆಯಲ್ಲಿ ಈ ಬರವಣಿಗೆ ಭರದಿಂದ ಸಾಗುತ್ತದೆ. ಗಾಢನಿದ್ದೆ ಹೆಚ್ಚಾಗಿ ಬರುವುದು ನಿದ್ದೆಯ ಮೊದಲರ್ಧದಲ್ಲಿ. ಕನಸಿನ ನಿದ್ದೆ ಬೆಳಗಿನ ಜಾವದಲ್ಲಿ. ಅಂಗಡಿಯನ್ನೇ ಮುಚ್ಚದಿದ್ದರೆ ಲೆಕ್ಕ ಬರೆಯುವುದು ಯಾವಾಗ? ನಿದ್ದೆಗೆಟ್ಟ ಮೆದುಳಿಗೆ ಮರುದಿನ ಹೊಸದನ್ನು ಕಲಿಯುವುದೂ ಕಷ್ಟ.

ಹಾಗೆಂದು ಓದದೆ ಮಲಗಿದರೆ ಜಾಣರಾದಾರೆಂದಲ್ಲ; ಕಿರ್ದಿಯಲ್ಲಿಲ್ಲದ್ದು ಖಾತೆಗೆ ಬಾರದು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಇದು ಮಕ್ಕಳೊಬ್ಬರಿಂದಲೇ ಆಗುವ ಕೆಲಸವಲ್ಲ. ಸಣ್ಣ ಮನೆಯಲ್ಲಿ ಒಬ್ಬರು ಮಲಗಬೇಕಾದರೆ ಎಲ್ಲರ ಸಹಕಾರ ಬೇಕು. ಈಗ ನಮ್ಮಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟೀವಿ, ಮೊಬೈಲುಗಳಿಗೆ ರಜೆ. ಅದು ಅವಳ ಓದಿನ ಹೊತ್ತು. ಹತ್ತಕ್ಕೆ ದೀಪ ಆರುತ್ತದೆ. ಮೊದಮೊದಲು ಗೊಣಗಿದ ಅಜ್ಜಿ ಈಗ ತಾವೇ ಎದ್ದು ಸ್ವಿಚ್ಚು ಒತ್ತುತ್ತಾರೆ.

ತಾಯಂದಿರೇ, ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಗೆ ಚಹ ಬೇಡ, ಹೊದಿಕೆ ಹೊದಿಸಿರಿ.