ಅಂಗಳಕ್ಕೆ ಬಂದ ಕಾಳಿಂಗ

ಸೌದೆ ಕೊಟ್ಟಿಗೆಯಲ್ಲಿ ಹತ್ತಡಿ ಉದ್ದದ ಕಾಳಿಂಗ ಸರ್ಪ! ಹೊಡೆಯೋದಾ, ಫೋನ್ ಮಾಡೋದಾ?

ಉತ್ತರ ಮಲೆನಾಡಿನ ಆಗುಂಬೆಯಲ್ಲಿದೆ. 2005ರಲ್ಲಿ ಹಾವು ತಜ್ಞ ರೋಮ್ಯುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು.

ಅಲ್ಲಿ ಮೊದಲು ಸಂಶೋಧನೆ: ಸಂಶೋಧಕರು ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಆಂಟೆನಾ ಹಿಡಿದು ಕಾಡು, ತೋಟ ಅಲೆದು ಅದರ ದಿನಚರಿ ಬರೆದುಕೊಂಡರು. ದೂರ ಒಯ್ದು ಬಿಟ್ಟ ಹಾವು ದಿಕ್ಕು ತಪ್ಪಿದಂತೆ ಅಲೆಯುತ್ತದೆ ಎಂಬುದು ಗೊತ್ತಾಯಿತು.

ಅದರಿಂದ ರಕ್ಷಣೆ: ಹಿಡಿದ ಹಾವನ್ನು ಹತ್ತಿರದ ಕಾಡಿಗೇ ಬಿಡಬೇಕು, ತರಗೆಲೆ ಗುಡ್ಡೆ ಹಾಕಿ ಮೊಟ್ಟೆಯಿಟ್ಟ ತಾಯಿಯ ಗೂಡು ಕಾಯಬೇಕು.

ಜೊತೆಗೇ ಶಿಕ್ಷಣ: ಹಾವು ಹಿಡಿದ ಅಂಗಳದಲ್ಲೇ ಊರವರಿಗೆ ಪಾಠ.

2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಈ ಹಾವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ, ನಮ್ಮ ‘ಕಾಳಿಂಗ’ ಹೆಸರನ್ನೇ ಇಟ್ಟರು.

ಕಂಡರೆ ದೊಣ್ಣೆ ಬೇಡ. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ.